ಸುಭದ್ರೆಯ ಪದ್ಯದ ಹೊತ್ತಿಗೆ

ಮೇಡಂ,

ಕುಂದಾಪುರ ತಾಲ್ಲೂಕಿನ ಒಂದು ಹಳ್ಳಿಯವಳು ನಾನು. ಪ್ರಾಥಮಿಕ ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತಳಾದೆ. ಹನ್ನೊಂದು ವರ್ಷದ ಹಿಂದೆ ಊರಿನ ಕೆಲವರು ಸೇರಿ ಒಂದು ಕಲಾ ಸಂಘ ಕಟ್ಟಿದೆವು. ಅಂದಿನಿಂದ ಕಾರ್ಯದರ್ಶಿ ನಾನೇ. ಶನಿವಾರ, ಭಾನುವಾರ ಮಕ್ಕಳಿಗೆ ಯಕ್ಷಗಾನದ ಹೆಜ್ಜೆ, ಬುಧವಾರ ಸಂಜೆ ಹೆಂಗಸರಿಗೆ ಚೆಂಡೆ-ಮದ್ದಳೆ, ಮಳೆಗಾಲದಲ್ಲಿ ತಿಂಗಳಿಗೊಂದು ತಾಳಮದ್ದಳೆ. ಹಳೆಯ ಹಂಚಿನ ಕಟ್ಟಡ. ಬೀಗದ ಕೀಲಿ ನನ್ನೊಬ್ಬಳ ಹತ್ತಿರ ಇರುತ್ತದೆ.

ಹೆಜ್ಜೆ ಕಲಿಸುವ ಮಾಸ್ಟ್ರು ಇಪ್ಪತ್ತಾರು ವರ್ಷ ಮೇಳದ ತಿರುಗಾಟ ಮಾಡಿದವರು. ಮಂಡಿ ಹಾಕಿ ಹಾಕಿ ಮೊಣಕಾಲು ಸವೆದುಹೋಗಿದೆ. ಮುಂದಿನ ತಿರುಗಾಟಕ್ಕೆ ಅವರಿಗೆ ಮೇಳದಿಂದ ಕರೆ ಬಂದಿಲ್ಲ. ಮೂರು ವಾರದಿಂದ ನಮ್ಮ ತರಗತಿಗೂ ಬರುತ್ತಿಲ್ಲ. ಫೋನ್ ಮಾಡಿದರೆ, "ಟೀಚರೇ, ಬೇರೆಯವರನ್ನು ನೋಡಿಕೊಳ್ಳಿ. ನನ್ನ ಆಟ ಮುಗೀತು" ಎಂದು ಇಟ್ಟುಬಿಟ್ಟರು. ಕುಡಿತ ಹೆಚ್ಚಾಗಿದೆ ಎಂದು ಅವರ ಹೆಂಡತಿ ಹೇಳಿದರು.

ಇನ್ನೊಂದು ವಿಷಯ. ಬುಧವಾರ ಚೆಂಡೆ ಕಲಿಯಲು ಬರುವ ಒಬ್ಬ ತಾಯಿ ಎರಡು ವರ್ಷದ ಹಿಂದೆ ಹದಿನೇಳರ ಮಗನನ್ನು ಬೈಕ್ ಅಪಘಾತದಲ್ಲಿ ಕಳೆದುಕೊಂಡವರು. "ವಾರದಲ್ಲಿ ತಲೆ ಹಗುರ ಇರುವ ಹೊತ್ತು ಇದೊಂದೇ" ಎನ್ನುತ್ತಾರೆ. ಈ ಸಲದ ವಾರ್ಷಿಕೋತ್ಸವಕ್ಕೆ ಮಕ್ಕಳಿಂದ 'ಅಭಿಮನ್ಯು ಕಾಳಗ' ಎಂದು ನಿಗದಿ ಮಾಡಿದೆವು. ಆಗ ಯಾರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ರಾತ್ರಿ ಮಲಗಿದ ಮೇಲೆ ನೆನಪಾಗಿ ಎದ್ದು ಕೂತೆ. ಈಗ ಪ್ರಸಂಗ ಬದಲಿಸಬೇಕೇ?

ಸಮಿತಿಯ ಹುಡುಗರು, "ಕಲೆಯಿಂದ ಮಾನಸಿಕ ಆರೋಗ್ಯ ಎಂದು ಅರ್ಜಿ ಹಾಕಿದರೆ ಕಂಪನಿಗಳಿಂದ ದುಡ್ಡು ಬರುತ್ತದೆ, ಆ ತಾಯಿಯ ಕಥೆಯನ್ನೂ ಸೇರಿಸೋಣ" ಎನ್ನುತ್ತಿದ್ದಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ಕಲೆಯಿಂದ ನಿಜವಾಗಿ ಮನಸ್ಸು ಗುಣವಾಗುತ್ತದೆಯೇ? ಡಾಕ್ಟರಲ್ಲದ ನಾವು ಕೈ ಹಾಕಬಾರದ ಕಡೆ ಕೈ ಹಾಕುತ್ತಿದ್ದೇವೆಯೇ? ಮನೆಯವರು, "ಊರ ಚಿಂತೆಯೆಲ್ಲ ನಿನಗೇ ಯಾಕೆ" ಎನ್ನುತ್ತಾರೆ. ನನಗೂ ಸರಿಯಾಗಿ ನಿದ್ದೆ ಬರದೆ ತಿಂಗಳಾಯಿತು.

— ಹೆಸರು ಹಾಕಬೇಡಿ

*

ಟೀಚರೇ,

ನಿಮ್ಮ ಕಾಗದದಲ್ಲಿರುವ ಪ್ರಶ್ನೆಗಳಲ್ಲಿ ಒಂದು, ಪತ್ರಿಕೆ ಅಚ್ಚಾಗಿ ಬರುವ ತನಕ ಕಾಯುವಂಥದ್ದಾಗಿರಲಿಲ್ಲ. ಅದಕ್ಕೇ ಮಾಸ್ಟ್ರ ವಿಷಯವನ್ನು ನಿಮಗೆ ಫೋನಿನಲ್ಲೇ ಹೇಳಿದೆ. ಇಂಥ ಮಾತು ಕೇಳಿ ಏನು ಮಾಡುವುದೆಂದು ತೋಚದೆ ಕೂತವರು ಬೇರೆ ಊರುಗಳಲ್ಲೂ ಇರುತ್ತಾರೆಂದು ನಿಮ್ಮ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ವಿವರ ಬದಲಿಸಿ, ಇಲ್ಲಿ ಮತ್ತೆ ಬರೆಯುತ್ತಿದ್ದೇನೆ.

"ನನ್ನ ಆಟ ಮುಗೀತು." ವೇಷಧಾರಿಯ ಬಾಯಲ್ಲಿ 'ಆಟ' ಎಂದರೆ ಬದುಕೇ. ಬೇಸರದಲ್ಲಿ ಆಡಿದ ಮಾತಿರಬಹುದು, ಅಲ್ಲದೆಯೂ ಇರಬಹುದು. ಮೂರು ವಾರ ಕಾಣಿಸಿಕೊಳ್ಳದೆ, ಕುಡಿತ ಹೆಚ್ಚು ಮಾಡಿಕೊಂಡ ಮನುಷ್ಯ ಈ ಮಾತು ಹೇಳಿದರೆ ಅದನ್ನು ಇದ್ದ ಹಾಗೇ ಕೇಳಿಸಿಕೊಳ್ಳಬೇಕು. ಮನೆಗೆ ಹೋಗಿ. ಆದರೆ ಸಮಿತಿಯನ್ನೆಲ್ಲ ಕಟ್ಟಿಕೊಂಡು, ಹಣ್ಣು ಹಿಡಿದು, ರೋಗಿ ನೋಡಲು ಹೋದ ಹಾಗೆ ಹೋಗಬೇಡಿ. ಅವರ ಜತೆ ಹತ್ತಾರು ತಿರುಗಾಟ ಕಂಡ ಒಬ್ಬ ಭಾಗವತರೋ ಮದ್ದಳೆಯವರೋ ಸಿಕ್ಕರೆ ಅವರನ್ನು ಕರೆದುಕೊಳ್ಳಿ. ವೇಷ ಕಟ್ಟುವ ಚೌಕಿಯಲ್ಲಿ ಒಟ್ಟಿಗೆ ಮಲಗಿದವರ ಎದುರು ಮುಚ್ಚಿಡುವುದು ಕಷ್ಟ.

ಚಾ ಕುಡಿದಾದ ಮೇಲೆ, ಹೆಂಡತಿ ಮಕ್ಕಳು ಒಳಗೆ ಹೋದ ಹೊತ್ತು ನೋಡಿ, ನೇರವಾಗಿ ಕೇಳಿ: "ಮಾಸ್ಟ್ರೇ, ಬದುಕುವುದೇ ಬೇಡ ಅಂತ ಅನ್ನಿಸುತ್ತಿದೆಯಾ?" ಈ ಪ್ರಶ್ನೆ ಕೇಳಲು ಎಲ್ಲರೂ ಹೆದರುತ್ತಾರೆ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗೆ ಆಗುತ್ತದೆಂಬ ಅಂಜಿಕೆ. ಹಾಗೆ ಆಗುವುದಿಲ್ಲ. ಒಬ್ಬರೇ ಹೊತ್ತ ಯೋಚನೆಯನ್ನು ಇನ್ನೊಬ್ಬರು ಬಾಯಿಬಿಟ್ಟು ಕೇಳಿದಾಗ ಹೆಚ್ಚಿನವರಿಗೆ ಒಂದು ಬಗೆಯ ಬಿಡುಗಡೆಯೇ ಆಗುತ್ತದೆ. "ಹೌದು" ಎಂದರೆ ಗದರಬೇಡಿ, ಹೆಂಡತಿ ಮಕ್ಕಳ ಆಣೆ ಹಾಕಿಸಬೇಡಿ. ಅವತ್ತು ಅವರನ್ನು ಒಬ್ಬರೇ ಇರಲು ಬಿಡಬೇಡಿ. ಗದ್ದೆಗೆ, ತೋಟಕ್ಕೆ ಹೊಡೆಯುವ ಔಷಧಿ ಮನೆಯಲ್ಲಿದ್ದರೆ ಅವರ ಕಣ್ಣಿಗೆ ಬೀಳದಂತೆ ಹೊರಗೆ ಸಾಗಿಸಿ. ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ 2022ರ ಅಕ್ಟೋಬರ್‌ನಿಂದ ಇದೆ. ಸಂಖ್ಯೆ 14416. ಹಗಲು ರಾತ್ರಿ ಯಾವ ಹೊತ್ತಿನಲ್ಲೂ, ದುಡ್ಡು ಕೊಡದೆ, ಕನ್ನಡದಲ್ಲೇ ಮಾತಾಡಬಹುದು. ಅವರ ಪರವಾಗಿ ನೀವೂ ಕರೆ ಮಾಡಬಹುದು. ನಮ್ಮ ರಾಜ್ಯದಲ್ಲಿ 'ಮನೋಚೈತನ್ಯ' ಎಂಬ ಕಾರ್ಯಕ್ರಮದಡಿ ಮಂಗಳವಾರದ ದಿನ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡಿದೆ. ನಿಮ್ಮಲ್ಲಿಗೆ ಯಾವ ಮಂಗಳವಾರ ಎಂದು ಆಸ್ಪತ್ರೆಗೆ ಕೇಳಿಕೊಂಡು, "ಹೋಗಿ ಬನ್ನಿ" ಎನ್ನದೆ "ಹೋಗಿ ಬರುವಾ" ಎಂದು ಜತೆಗೇ ಹೋಗಿ. ಅಪಾಯ ಹತ್ತಿರದಲ್ಲಿದೆ ಎಂದು ಕಂಡರೆ ಮಂಗಳವಾರಕ್ಕೆ ಕಾಯದೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಪೊಲೀಸ್ ಕೇಸಾಗುತ್ತದೆಂಬ ಭಯ ಮನೆಯವರಿಗಿದ್ದರೆ ಹೇಳಿ: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಬಂದ ಮೇಲೆ, ಜೀವ ಕಳೆದುಕೊಳ್ಳಲು ಹೊರಟವರನ್ನು ತೀವ್ರ ಮಾನಸಿಕ ಒತ್ತಡದಲ್ಲಿರುವವರೆಂದು ಕಾಣಬೇಕೇ ಹೊರತು ಅಪರಾಧಿಯೆಂದಲ್ಲ.

ವೈದ್ಯರ ಎದುರು ಒಂದು ಸಂಗತಿ ಮರೆಯದೆ ಹೇಳಿ: ಈ ಮನುಷ್ಯ ಇಪ್ಪತ್ತಾರು ವರ್ಷ ರಾತ್ರಿ ಎಚ್ಚರವಿದ್ದು ಹಗಲು ಮಲಗಿದವರು. ಮೇಳದವರ ಮಳೆಗಾಲ ಎಂಥದ್ದೆಂದು ಆಸ್ಪತ್ರೆಯಲ್ಲಿರುವವರಿಗೆ ತಿಳಿದಿರಬೇಕೆಂದಿಲ್ಲ. ದೀಪಾವಳಿ ಕಳೆದ ಮೇಲೆ ಹೊರಟವರು ಮೇ ಕೊನೆಗೆ, ತಿರುಗಾಟ ಮುಗಿಯುವ ಪತ್ತನಾಜೆಯ ಹೊತ್ತಿಗೆ ಗೆಜ್ಜೆ ಬಿಚ್ಚಿ ಮನೆಗೆ ಬರುತ್ತಾರೆ. ಅಷ್ಟರೊಳಗೆ ಮನೆ ಅವರಿಲ್ಲದೆ ನಡೆಯುವುದನ್ನು ಕಲಿತಿರುತ್ತದೆ. ಮಕ್ಕಳ ಶಾಲೆ, ದನದ ಮೇವು, ಬ್ಯಾಂಕಿನ ಕಂತು, ಎಲ್ಲದಕ್ಕೂ ಹೆಂಡತಿಯದೇ ಒಂದು ಕ್ರಮ. ರಾತ್ರಿ ಹತ್ತು ಗಂಟೆಗೆ ಮನೆಯೆಲ್ಲ ಮಲಗಿದಾಗ ಇವರಿಗೆ ಮೈಯಲ್ಲಿ ಚೆಂಡೆ ಏಳುವ ಸಮಯ. ನಿದ್ದೆ ಬರಲೆಂದು ಎರಡು ಗುಟುಕು. ಅದು ಮೊದಲ ಜೊಂಪು ಕೊಟ್ಟು ಬೆಳಗಿನ ಜಾವದ ನಿದ್ದೆಯನ್ನು ಕಿತ್ತುಕೊಳ್ಳುತ್ತದೆ, ಮರುದಿನ ಮತ್ತಷ್ಟು ಬೇಕೆನ್ನಿಸುತ್ತದೆ. ಕರೆ ಬರುವ ಭರವಸೆ ಇದ್ದವರಿಗೇ ಈ ತಿಂಗಳುಗಳು ಕಷ್ಟ. ಕರೆ ಬಾರದವರ ಪಾಡು ಊಹಿಸಿ. ಕೆಲವು ಮಾತ್ರೆಗಳು ಮಂಪರು ತರುತ್ತವೆ, ಕೆಲವು ಕಾಯಿಲೆಗಳು ರಾತ್ರಿ ನಿದ್ದೆಗೆಟ್ಟರೆ ಕೆರಳುತ್ತವೆ. ಆದ್ದರಿಂದ ಕೆಲಸದ ಹೊತ್ತು ತಿಳಿದ ವೈದ್ಯರು ಔಷಧಿಯ ಹೊತ್ತನ್ನೂ ಅದಕ್ಕೆ ಹೊಂದಿಸುತ್ತಾರೆ.

ಇನ್ನು ಸಂಘ ಏನು ಮಾಡಬೇಕು? ಮೊದಲಿಗೆ, ದಯವಿಟ್ಟು ಈಗ ಅವರಿಗೆ ಸನ್ಮಾನ ಇಟ್ಟುಕೊಳ್ಳಬೇಡಿ. ಒಳ್ಳೆಯ ಮನಸ್ಸಿನಿಂದ ಯಾರಾದರೂ ಆ ಸಲಹೆ ಕೊಟ್ಟೇ ಕೊಡುತ್ತಾರೆ. ತನ್ನದು ಮುಗಿಯಿತೆಂದು ನಂಬಿ ಕೂತವರ ಹೆಗಲಿಗೆ ಶಾಲು ಹೊದೆಸಿದರೆ ಊರೂ ಅದನ್ನೇ ಹೇಳಿದ ಹಾಗೆ ಆಗುತ್ತದೆ. ಅವರಿಗೆ ಬೇಕಾದದ್ದು ಕೆಲಸ. ಮೊಣಕಾಲಿಗೆ ಭಾರವಾಗದ ಕೆಲಸ ಯಕ್ಷಗಾನದಲ್ಲಿ ಎಷ್ಟಿಲ್ಲ! ತಾಳಮದ್ದಳೆಯಲ್ಲಿ ಕೂತು ಅರ್ಥ ಹೇಳಬಹುದು. ಮಕ್ಕಳಿಗೆ ಮುಖವರ್ಣಿಕೆ, ವೇಷ ಕಟ್ಟುವುದು, ಮಾತುಗಾರಿಕೆ ಕಲಿಸಬಹುದು. ಇವುಗಳಲ್ಲಿ ಯಾವುದೆಂದು ಅವರೇ ಆರಿಸಲಿ, ಯಾವಾಗ ಎಂಬುದೂ ಅವರಿಗೂ ವೈದ್ಯರಿಗೂ ಬಿಟ್ಟದ್ದು. ತೀವ್ರ ಖಿನ್ನತೆಯಲ್ಲಿರುವವರನ್ನು "ಬಣ್ಣ ಹಚ್ಚಿದರೆ ಸರಿಹೋಗುತ್ತಾರೆ" ಎಂದು ರಂಗಸ್ಥಳಕ್ಕೆ ದೂಡುವುದು, ಜ್ವರ ಬಂದವರನ್ನು ಹೊಳೆಗೆ ಇಳಿಸಿದ ಹಾಗೆ. ಅವರು ಒಂದು ಗಂಟೆ ಬಂದು ಮೂಲೆಯಲ್ಲಿ ಕೂತು ಹೋದರೂ ಆ ದಿನಕ್ಕೆ ಸಾಕು.

ಸಂಭಾವನೆಯನ್ನು ಅದೇ ದಿನ ಕೊಡಿ. ಸಣ್ಣ ಮೊತ್ತವಾದರೂ ಲಕೋಟೆಯಲ್ಲಿ ಹಾಕಿ, ಲೆಕ್ಕದಲ್ಲಿ ಬರೆದು, ಕೈಗೆ ಕೊಡಿ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಕಲಾವಿದರ ಮನಸ್ಸಿನ ಆರೋಗ್ಯದ ಮಾತು ಬಂದಾಗ ನಮ್ಮಂಥವರು ಉಸಿರಾಟ, ಧ್ಯಾನ ಎಂದು ಶುರುಮಾಡುತ್ತೇವೆ. ನಾನು ಮಾತಾಡಿದ ಕಲಾವಿದರ ನಿದ್ದೆ ಕೆಡಿಸಿದ್ದು ಹೆಚ್ಚಾಗಿ ಮಗಳ ಕಾಲೇಜು ಫೀಸು, ಸೋರುವ ಮಾಡು, ಆಸ್ಪತ್ರೆಯ ಬಿಲ್ಲು. ಇದನ್ನು ಚೆನ್ನಾಗಿ ಅರ್ಥಮಾಡಿಕೊಂಡ ಸಂಸ್ಥೆ ನಿಮ್ಮ ಜಿಲ್ಲೆಯಲ್ಲೇ ಇದೆ. 1975ರಲ್ಲಿ ಶುರುವಾದ ಉಡುಪಿಯ ಯಕ್ಷಗಾನ ಕಲಾರಂಗ ಆಟ ಆಡಿಸಿ, ಪ್ರಶಸ್ತಿ ಕೊಟ್ಟು ಸುಮ್ಮನಾಗಲಿಲ್ಲ. ಕಲಾವಿದರಿಗೆ ವಿಮೆ ಮಾಡಿಸಿತು, ಕಾಯಿಲೆ ಬಿದ್ದವರಿಗೆ ನೆರವಾಯಿತು, ಮನೆ ಕಟ್ಟಿಕೊಟ್ಟಿತು. 'ವಿದ್ಯಾಪೋಷಕ್' ಎಂಬ ಹೆಸರಿನಲ್ಲಿ ಬಡ ಮಕ್ಕಳ ಓದಿಗೆ ದಾನಿಗಳನ್ನು ಜೋಡಿಸಿತು. ಅಲ್ಲಿ ಯಾರೂ ಇದನ್ನು ಮಾನಸಿಕ ಆರೋಗ್ಯ ಎಂದು ಕರೆದಂತಿಲ್ಲ. ನನ್ನ ಲೆಕ್ಕದಲ್ಲಿ ಅದು ಅದೇ. ನಿಮ್ಮ ಮಾಸ್ಟ್ರ ಕಷ್ಟಕ್ಕೆ ಅಂಥ ಕಡೆ ಒಂದು ಕಾಗದ ಬರೆಯುವುದು, ಕಷ್ಟದಲ್ಲಿರುವ ಹಿರಿಯ ಕಲಾವಿದರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಕೊಡುವ ಮಾಸಾಶನದ ಅರ್ಜಿ ತುಂಬಿಸುವುದು, ಈ ಎರಡು ಕೆಲಸ ಟೀಚರಾಗಿದ್ದ ನಿಮಗೆ ಸುಲಭ. ಇಪ್ಪತ್ತಾರು ವರ್ಷ ರಾಜನ ವೇಷ ಹಾಕಿದವರಿಗೆ ಅರ್ಜಿಯ ಕಿಟಕಿಯ ಎದುರು ನಿಲ್ಲುವುದು ಎಷ್ಟು ಕಷ್ಟವೆಂದು ನೀವು ಬಲ್ಲಿರಿ.

ಈಗ ಆ ತಾಯಿಯ ವಿಷಯ. ನಿಮ್ಮ ಕಾಗದದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೇ.

'ಅಭಿಮನ್ಯು ಕಾಳಗ'ದಲ್ಲಿ ಏನಿದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಹದಿಹರೆಯದ ಮಗ ಯುದ್ಧಕ್ಕೆ ಹೊರಟು ನಿಂತು ಅಪ್ಪಣೆ ಕೇಳುತ್ತಾನೆ. ಸುಭದ್ರೆ ತಡೆಯುತ್ತಾಳೆ, ಬೇಡುತ್ತಾಳೆ. ಅವನು ಹೋಗುತ್ತಾನೆ, ತಿರುಗಿ ಬರುವುದಿಲ್ಲ. ಬೈಕಿನ ಕೀಲಿ ತೆಗೆದುಕೊಂಡು ಹೊರಟ ಮಗನಿಗೆ ಕೊನೆಯದಾಗಿ ಏನು ಹೇಳಿದ್ದೆ ಎಂದು ಎರಡು ವರ್ಷದಿಂದ ನೆನೆಯುತ್ತಿರಬಹುದಾದ ಹೆಂಗಸು ಆ ಪದ್ಯಕ್ಕೆ ಚೆಂಡೆಯ ಹಿಂದೆ ನಿಂತಿರಬೇಕೇ? ನಿಮ್ಮ ಎದೆ ನಡುಗಿದ್ದು ಸಹಜ.

ಆದರೂ ಪ್ರಸಂಗವನ್ನು ಸದ್ದಿಲ್ಲದೆ ಬದಲಿಸಬೇಡಿ. ಈ ಮಾತನ್ನು ನಾನು ಒಂದು ತಪ್ಪು ಮಾಡಿ ಕಲಿತೆ. ಕೆಲವು ವರ್ಷದ ಹಿಂದೆ ತಾಯಂದಿರ ಒಂದು ಗುಂಪು ನಡೆಸುತ್ತಿದ್ದೆ. ಪ್ರತಿ ವಾರ ಕೊನೆಗೆ ಎಲ್ಲರೂ ತಮ್ಮ ಮನೆಯ ಒಂದು ಜೋಗುಳ ಹೇಳುವ ರೂಢಿ ಇತ್ತು. ಮಗು ಕಳೆದುಕೊಂಡ ಒಬ್ಬರು ಗುಂಪಿಗೆ ಸೇರಿದ ವಾರ ನಾನು ಆ ಭಾಗವನ್ನೇ ಕೈಬಿಟ್ಟೆ. ಯಾರಿಗೂ ಕಾರಣ ಹೇಳಲಿಲ್ಲ. ಮೂರನೆಯ ವಾರ ಆಕೆ ಬಾಗಿಲ ಹತ್ತಿರ ನಿಂತು ಹೇಳಿದರು: "ನಾನು ಬಂದರೆ ನೆಂಟರ ಮನೆಯಲ್ಲಿ ಮಾತು ನಿಲ್ಲುತ್ತದೆ. ಇಲ್ಲಿ ಹಾಡು ನಿಂತಿತು." ಆಕೆಯ ಮಗುವಿಗೂ ಒಂದು ಜೋಗುಳವಿತ್ತು. ಅದನ್ನು ಹಾಡಬಹುದಾದ ಜಾಗವೊಂದನ್ನು ನಾನು ಕರುಣೆಯ ಹೆಸರಿನಲ್ಲಿ ಮುಚ್ಚಿದ್ದೆ. ನಾನು ಕ್ಷಮೆ ಕೇಳಿದೆ. ಆಕೆ ಮತ್ತೆ ಬರಲಿಲ್ಲ.

ಹಾಗಾಗಿ ನೀವು ಕೇಳಿ. ತರಗತಿಯ ನಡುವೆ ಬೇಡ, ತಾಲೀಮು ಶುರುವಾಗುವ ಬಹಳ ಮೊದಲೇ ಒಬ್ಬರೇ ಇರುವಾಗ ಕೇಳಿ. "ಈ ಸಲ ಅಭಿಮನ್ಯು ಅಂತ ಗೊತ್ತು ಮಾಡಿದ್ದೆವು ತಂಗೀ, ಆಮೇಲೆ ನಿನ್ನ ನೆನಪಾಯಿತು. ನಿನಗೆ ಹೇಗೆ ಅನ್ನಿಸುತ್ತದೆ?" ಎಂದು ನಿಮ್ಮ ಬಾಯಲ್ಲಿ ಬರುವ ಹಾಗೆ ಕೇಳಿ, ಸುಮ್ಮನಿರಿ. ಅವರು ಬೇರೆ ಪ್ರಸಂಗ ಮಾಡಿ ಎನ್ನಬಹುದು. ಪ್ರಸಂಗ ಇರಲಿ, ನಾನು ಅವತ್ತು ಬರುವುದಿಲ್ಲ ಎನ್ನಬಹುದು. ಮೊದಲರ್ಧ ಬಾರಿಸುತ್ತೇನೆ, ಸುಭದ್ರೆಯ ಹೊತ್ತಿಗೆ ಎದ್ದು ಹೋಗುತ್ತೇನೆ ಎನ್ನಬಹುದು. ಅಥವಾ ಆ ಪದ್ಯಕ್ಕೇ ನಾನು ನಿಲ್ಲಬೇಕು ಎಂದಾರು. ನಾಲ್ಕೂ ಸರಿ. ಉತ್ತರ ಒಂದು ತಿಂಗಳಲ್ಲಿ ಬದಲಾದರೆ ಅದೂ ಸರಿ. ಇನ್ನೊಬ್ಬ ಚೆಂಡೆಯವರನ್ನು ಸಿದ್ಧವಾಗಿ ಇಟ್ಟುಕೊಂಡರೆ, ಆ ರಾತ್ರಿ ನಡುವೆಯೇ ಕೋಲು ಕೆಳಗಿಡುವ ಸ್ವಾತಂತ್ರ್ಯ ಅವರಿಗಿರುತ್ತದೆ.

ಎರಡು ವರ್ಷ ಕಳೆದರೂ ದುಃಖ ಇದೆ ಎಂದ ಮಾತ್ರಕ್ಕೆ ಅದು ಕಾಯಿಲೆಯಲ್ಲ. ಊಟ ನಿದ್ದೆ ಬಿಟ್ಟಿದ್ದರೆ, ಮನೆಯಿಂದ ಹೊರಗೆ ಬರಲಾಗದಿದ್ದರೆ, ಮಗನ ಹತ್ತಿರ ಹೋಗಬೇಕು ಎಂಬ ಮಾತು ಬಂದರೆ, ಮಾಸ್ಟ್ರಿಗೆ ಹೇಳಿದ ದಾರಿಯೇ ಇವರಿಗೂ. ವಾರಕ್ಕೊಮ್ಮೆ ಬಂದು ಚೆಂಡೆ ಬಾರಿಸುವವರನ್ನು ನೀವು "ಹೇಳಿಕೋ, ಹಗುರವಾಗುತ್ತದೆ" ಎಂದು ಕೆದಕಬೇಕಾಗಿಲ್ಲ. ಅವರು ಅಲ್ಲಿಗೆ ಬರುವುದು ತಾಳ ಎಣಿಸಲು. ತಾಳ ತಪ್ಪಿದರೆ ಉಳಿದವರಿಗೆ ಹೇಗೋ ಇವರಿಗೂ ಹಾಗೇ ತಿದ್ದಿ. ಊರೆಲ್ಲ 'ಮಗ ಸತ್ತವಳು' ಎಂದು ನೋಡುವಾಗ, ನಾಲ್ಕನೇ ಪೆಟ್ಟು ತಪ್ಪಿಸಿದವಳು ಎಂದು ನೋಡುವ ಜಾಗ ಅದು.

ಕಲೆಯಿಂದ ಮನಸ್ಸು ಗುಣವಾಗುತ್ತದೆಯೇ ಎಂದು ಕೇಳಿದಿರಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ 3000ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ನೋಡಿ, ಕಲೆಗೂ ಆರೋಗ್ಯಕ್ಕೂ ನಂಟಿದೆ ಎಂದು ವರದಿ ಕೊಟ್ಟಿತು. ಅದಕ್ಕಿಂತ ನನಗೆ ಹತ್ತಿರವಾದದ್ದು ಇಂಗ್ಲೆಂಡಿನ ಒಂದು ಸಣ್ಣ ಪ್ರಯೋಗ. 2018ರಲ್ಲಿ ಪ್ರಕಟವಾದದ್ದು. ಹೆರಿಗೆಯ ನಂತರ ಖಿನ್ನತೆಯ ಲಕ್ಷಣಗಳಿದ್ದ 134 ತಾಯಂದಿರನ್ನು ಮೂರು ಗುಂಪು ಮಾಡಿದರು. ಒಂದು ಗುಂಪು ಹತ್ತು ವಾರ ಶಿಶುಗಳ ಜತೆ ಕೂತು ಹಾಡು ಕಲಿಯಿತು, ಇನ್ನೊಂದು ಆಟಗಳನ್ನು ಆಡಿತು, ಮೂರನೆಯದಕ್ಕೆ ಎಂದಿನ ಆರೈಕೆ. ಹೆಚ್ಚು ತೀವ್ರ ಲಕ್ಷಣಗಳಿದ್ದವರಲ್ಲಿ ಹಾಡಿದವರು ಉಳಿದವರಿಗಿಂತ ಬೇಗ ಚೇತರಿಸಿಕೊಂಡರು. 'ಬೇಗ' ಎಂಬ ಮಾತನ್ನು ಗಮನಿಸಿ. ಕಾಲ ಕಳೆದಂತೆ ಉಳಿದವರೂ ಸುಧಾರಿಸಿದ್ದರು. ಎಳೆಗೂಸಿನ ತಾಯಿಗೆ ಕೆಲವು ವಾರ ಮೊದಲೇ ಮೋಡ ಸರಿಯುವುದು ದೊಡ್ಡ ವಿಷಯ. ಆದರೆ ಹಾಡು ಔಷಧಿಯ ಜಾಗ ಹಿಡಿಯಿತೆಂದು ಇದರ ಅರ್ಥವಲ್ಲ. ಮಾತ್ರೆ ತೆಗೆದುಕೊಳ್ಳುವವರಿಗೆ "ಇಲ್ಲಿಗೆ ಬರುತ್ತೀರಲ್ಲ, ಇನ್ನು ಅದು ಬೇಡ" ಎಂದು ಸಂಘದಲ್ಲಿ ಯಾರೂ ಹೇಳಕೂಡದು.

ಹಾಗೆಂದು ನಿಮ್ಮದು ಕೈ ಹಾಕಬಾರದ ಕೆಲಸವೂ ಅಲ್ಲ. ನಿಮ್ಹಾನ್ಸ್ ಮುಂದೆ ನಿಂತು ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ, ಕಾಯಿಲೆಯ ಬಗೆಗೆ ತಕ್ಕಂತೆ ನೂರಕ್ಕೆ 70ರಿಂದ 92 ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಅವರಲ್ಲಿ ಹಲವರು ಯಾವ ಆಸ್ಪತ್ರೆಯ ಬಾಗಿಲನ್ನೂ ಕಂಡಿರುವುದಿಲ್ಲ, ಆದರೆ ಯಾವುದೋ ಭಜನೆಗೆ, ತಾಲೀಮಿಗೆ, ಆಟಕ್ಕೆ ಬಂದಿರುತ್ತಾರೆ. ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಮಾಡಿದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಹಳ್ಳಿ ತಿರುಗುವ ಆರೋಗ್ಯ ಕಾರ್ಯಕರ್ತರೂ ಇಂಥ ಕಾಯಿಲೆಯನ್ನು ಗುರುತಿಸಬಲ್ಲರು, ದಾರಿ ತೋರಬಲ್ಲರು ಎಂಬ ನಂಬಿಕೆ ಅದರ ತಳದಲ್ಲಿತ್ತು. ಮೂರು ವಾರದಿಂದ ಒಬ್ಬರು ಬಂದಿಲ್ಲ ಎಂದು ನೀವು ಎಣಿಸಿದಿರಿ. ಅದು ಆ ಕೆಲಸವೇ. ಗುರುತಿಸುವುದು, ಕೇಳುವುದು, ಜತೆಗೆ ಹೋಗುವುದು ನಿಮ್ಮದು. ಕಾಯಿಲೆಗೆ ಹೆಸರಿಡುವುದು, ಮದ್ದು ಕೊಡುವುದು ವೈದ್ಯರದು. ಆಶಾ ಕಾರ್ಯಕರ್ತೆಯನ್ನು ಒಂದು ದಿನ ಸಂಘಕ್ಕೆ ಕರೆದು ಪರಿಚಯ ಮಾಡಿಕೊಳ್ಳಿ, 14416 ಎಂದು ಗೋಡೆಯ ಮೇಲೆ ದೊಡ್ಡದಾಗಿ ಬರೆಯಿರಿ.

ಅರ್ಜಿಯ ವಿಷಯದಲ್ಲಿ ನಿಮ್ಮ ಮನಸ್ಸು ಒಪ್ಪದಿದ್ದದ್ದು ಸರಿ. ಆ ತಾಯಿಯ ಕಥೆ ಅವರದು. ಹೆಸರು ಬದಲಿಸಿದರೂ ನಿಮ್ಮ ಊರಲ್ಲಿ ಯಾರೆಂದು ಮಗುವೂ ಹೇಳೀತು. ಒಂದು ಸಲ ದುಡ್ಡಿನ ಕಾಗದದಲ್ಲಿ ತನ್ನ ದುಃಖ ಅಚ್ಚಾದದ್ದನ್ನು ಕಂಡರೆ ಅವರು ಮರುವಾರ ಚೆಂಡೆ ಮುಟ್ಟಲಾರರು. ಹುಡುಗರಿಗೆ ಇದನ್ನೂ ಹೇಳಿ: 2013ರ ಕಂಪನಿ ಕಾಯ್ದೆಯಲ್ಲಿ ಸಾಮಾಜಿಕ ಹೊಣೆಯ ಹಣ ಎಲ್ಲೆಲ್ಲಿ ಬಳಸಬಹುದು ಎಂಬ ಪಟ್ಟಿಯಲ್ಲಿ ಸಾಂಪ್ರದಾಯಿಕ ಕಲೆಗಳ ಬೆಳವಣಿಗೆಯೂ ಸೇರಿದೆ. ಮಾನಸಿಕ ಆರೋಗ್ಯದ ವೇಷ ಹಾಕದೆಯೇ ನೀವು ಕೇಳಬಹುದು. ಎಷ್ಟು ಮಕ್ಕಳು ಕಲಿತರು, ಎಷ್ಟು ಕಲಾವಿದರಿಗೆ ಎಷ್ಟು ಸಂಭಾವನೆ ಹೋಯಿತು, ಮಳೆಗಾಲದಲ್ಲಿ ಎಷ್ಟು ದಿನದ ಕೆಲಸ ಸಿಕ್ಕಿತು, ಇಷ್ಟು ಬರೆಯಿರಿ. ಮಳೆಗಾಲದ ತಾಳಮದ್ದಳೆ ತಿಂಗಳಿಗೆ ಒಂದರ ಬದಲು ಎರಡಾಗಲು ಹಣ ಬೇಕೆಂದು ಕೇಳಿ. ಖಾಲಿ ಕೂರುವ ತಿಂಗಳುಗಳಲ್ಲಿ ಕಲಾವಿದರಿಗೆ ಅದಕ್ಕಿಂತ ಒಳ್ಳೆಯ ನೆರವು ನನಗೆ ತೋಚುವುದಿಲ್ಲ.

ಕೊನೆಗೆ ನಿಮ್ಮ ನಿದ್ದೆ. ನಿಮ್ಮ ಯಜಮಾನರ ಮಾತಿಗೆ ಸಿಟ್ಟು ಮಾಡಬೇಡಿ, ಅವರು ನಿಮ್ಮನ್ನು ನೋಡುತ್ತಿದ್ದಾರೆ. ಹನ್ನೊಂದು ವರ್ಷದಿಂದ ಒಬ್ಬರೇ ಕಾರ್ಯದರ್ಶಿ, ಊರಿನ ಸಂಕಟವೆಲ್ಲ ಬಂದು ಬೀಳುವುದು ಒಬ್ಬರ ಫೋನಿಗೆ. ಇದು ಹೀಗೇ ನಡೆದರೆ ಮುಂದಿನ ಮಳೆಗಾಲದಲ್ಲಿ ತರಗತಿಗೆ ಬಾರದವರು ನೀವಾಗುತ್ತೀರಿ. ಸಮಿತಿಯಲ್ಲಿ ಇನ್ನಿಬ್ಬರನ್ನು ಆರಿಸಿ, ಬಾರದವರ ಮನೆಗೆ ಹೋಗುವ ಕೆಲಸವನ್ನು ಸರದಿಯಲ್ಲಿ ಹಂಚಿಕೊಳ್ಳಿ. ಯಾರ ಗುಟ್ಟೂ ಹೊರಗೆ ಹೋಗಬಾರದೆಂಬುದು ಮೂವರಿಗೂ ಒಂದೇ ಕಟ್ಟಳೆಯಾಗಲಿ. ಎರಡು ವಾರದಲ್ಲೂ ನಿದ್ದೆ ಮರಳದಿದ್ದರೆ, ಮಾಸ್ಟ್ರನ್ನು ಕರೆದುಕೊಂಡು ಹೋದ ದಿನವೇ ನೀವೂ ವೈದ್ಯರ ಎದುರು ಕೂತು ಹೇಳಿ.

ಬೀಗದ ಕೀಲಿ ನಿಮ್ಮೊಬ್ಬರ ಹತ್ತಿರ ಎಂದು ಬರೆದಿದ್ದೀರಿ. ಪೇಟೆಗೆ ಹೋದಾಗ ಇನ್ನೆರಡು ಮಾಡಿಸಿ. ಒಂದನ್ನು ಸಮಿತಿಯ ಹುಡುಗರಿಗೆ ಕೊಡಿ. ಇನ್ನೊಂದನ್ನು ಮಾಸ್ಟ್ರು ಚೇತರಿಸಿಕೊಂಡು ಬರುವ ತನಕ ನಿಮ್ಮಲ್ಲೇ ಇಟ್ಟುಕೊಂಡು, ಶನಿವಾರ ಬಾಗಿಲು ತೆಗೆಯುವ ಕೆಲಸ ಅವರದೆಂದು ಈಗಲೇ ಹೇಳಿಬಿಡಿ.